ಅವಸರದ ಎಂಜಿನ್ನೂ ಅಮಾವಾಸ್ಯೆಯ ದಾರವೂ

ಸ್ವಭಾವದಲ್ಲಿ ನಾನು ನಿಧಾನದ ಮನುಷ್ಯ. ಚಹಾ ಆರಿದ ಮೇಲೆಯೇ ಕುಡಿಯುತ್ತೇನೆ, ಗಂಟೆ ಬಾರಿಸಿದ ಮೇಲೆಯೇ ಸ್ಟಾಫ್ ರೂಮಿನಿಂದ ಏಳುತ್ತೇನೆ. ಇಂಥವನ ಕಾರು ನಿಂತಲ್ಲೇ ಅವಸರ ಮಾಡತೊಡಗಿದರೆ ಹೇಗಿರಬೇಡ? ಗೇರ್ ಹಾಕಿಲ್ಲ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ, ಆದರೂ ಎಂಜಿನ್ ಒಂದೇ ಸಮನೆ ಗುರುಗುಟ್ಟುವುದು. ಕೊಪ್ಪಳದ ನಮ್ಮ ಓಣಿಯಲ್ಲಿ ಅದನ್ನು ಚಾಲೂ ಮಾಡಿದರೆ ಸಾಕು, ಎದುರು ಮನೆಯವರು ಕಿಟಕಿ ಮುಚ್ಚುತ್ತಿದ್ದರು. ಸಲಹೆಗಳಿಗೇನೂ ಬರವಿರಲಿಲ್ಲ. ಹೆಡ್‌ಮಾಸ್ತರರು ಪೆಟ್ರೋಲಿನಲ್ಲಿ ಕಲಬೆರಕೆ ಎಂದರು. ದಿನಾ ಮಾತ್ರೆ ನುಂಗುವ ಡ್ರಿಲ್ ಮಾಸ್ತರರು, "ವಯಸ್ಸಾತಲ್ರಿ, ಅದಕ್ಕೂ ಬಿ.ಪಿ. ಬಂದಿರಬೇಕು" ಎಂದರು. ನಾನೋ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಯಾವುದೋ ಪೈಪು ಸೀಳಿ ಎಂಜಿನ್ ಹೆಚ್ಚು ಗಾಳಿ ಎಳೆದುಕೊಳ್ಳುತ್ತಿದೆ ಎಂದು ನಿರ್ಧರಿಸಿ, ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದನ್ನೇ ಕಾಯುತ್ತ ಕೂತೆ. ಒಳಗೆ ಹೋಗುವ ಗಾಳಿ ಹೊರಗೆ ಗುಳ್ಳೆ ಏಳಿಸುವುದಿಲ್ಲ ಎಂದು ಹೊಳೆಯುವಷ್ಟರಲ್ಲಿ ಅಂಗಿ ಪೂರ್ತಿ ತೊಯ್ದಿತ್ತು.

ಇಷ್ಟರ ನಡುವೆ ಸಂತೋಷವಾಗಿದ್ದವಳು ನನ್ನ ಹೆಂಡತಿ ಗಿರಿಜಾ ಒಬ್ಬಳೇ. ಅವಳು ಆಗಷ್ಟೇ ಡ್ರೈವಿಂಗ್ ಕಲಿತಿದ್ದಳು. ಮೊದಲು ಕ್ಲಚ್ ಬಿಟ್ಟಾಗಲೆಲ್ಲ ಕಾರು ಬಂದ್ ಬೀಳುತ್ತಿತ್ತು. ಈಗ ಹೇಗೆ ಬಿಟ್ಟರೂ ಮುಂದಕ್ಕೇ ಹೋಗುತ್ತಿತ್ತು. ಬರುವ ಭಾನುವಾರ ತಾನೇ ಓಡಿಸಿಕೊಂಡು ಸಿದ್ದಾಪುರದ ತವರಿಗೆ ಹೋಗುವುದು ಅವಳ ಆಸೆ. "ತಂಗಿ, ನೀ ಕಾರ್ ಹೊಡದ್ರ ಅದು ಸೀದಾ ಕಾಲುವಿಗೆ ಹೋಗತೈತಿ" ಎಂದು ನಕ್ಕಿದ್ದ ಅಣ್ಣನ ಮುಂದೆಯೇ ಇಳಿಯಬೇಕಿತ್ತು. "ಗಾಡಿ ಛಲೋ ಐತ್ರಿ, ಸುಮ್ಮನ ಕೆಣಕಬ್ಯಾಡ್ರಿ" ಎಂದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವ ಚಟ ನನ್ನದು, ಕೇಳಲಿಲ್ಲ.

ಮೆಕ್ಯಾನಿಕ್ ಖಾಜಾಸಾಬರು ಬಾನೆಟ್ ಎತ್ತಿ, ಒಳಗೆ ಬಗ್ಗಿ ನೋಡಿ ನಗತೊಡಗಿದರು. "ಸರ್, ಆಕ್ಸಿಲರೇಟರ್ ಕೇಬಲ್ ಹಿಂದ ಬರವಲ್ದು. ಯಾರೋ ಕಟ್ಟಿ ಹಾಕ್ಯಾರ." ಕಟ್ಟಿದ್ದು ಕರಿದಾರ; ತುದಿಯಲ್ಲಿ ಒಣಗಿದ ನಿಂಬೆಹಣ್ಣು, ಮೆಣಸಿನಕಾಯಿ. ಪ್ರತಿ ಅಮಾವಾಸ್ಯೆಗೆ ಗಿರಿಜಾ ದೃಷ್ಟಿಯಾಗದಿರಲೆಂದು ಅದನ್ನು ಕಾರಿನ ಮುಂದೆ ಕಟ್ಟುತ್ತಿದ್ದಳು. ಮೂಢನಂಬಿಕೆ ಬಿಡಿ ಎಂದು ಪಾಠ ಹೇಳುವವನ ಕಾರು ನಿಂಬೆಹಣ್ಣು ತೂಗಾಡಿಸಿಕೊಂಡು ಶಾಲೆಗೆ ಹೋದರೆ ಹೇಗೆ? "ಕಟ್ಟೂದಾದ್ರ ಯಾರಿಗೂ ಕಾಣದಂಗ ಕಟ್ಟು" ಎಂದಿದ್ದೆ. ಪಾಪ, ಬಾನೆಟ್ಟಿನೊಳಗೆ ಕೈಗೆ ಸಿಕ್ಕಿದ್ದಕ್ಕೆ ಬಿಗಿದು ಕಟ್ಟಿದ್ದಳು.

ದಾರ ಕತ್ತರಿಸಿದೊಡನೆ ಎಂಜಿನ್ ಸಾಧುವಾಯಿತು. ಗೆದ್ದವನಂತೆ ಮನೆಗೆ ಬಂದು ಗಿರಿಜಾಳಿಗೆ ಚಾವಿ ಕೊಟ್ಟೆ. ಓಣಿಯ ತಿರುವು ಮುಟ್ಟುವುದರೊಳಗೆ ಕಾರು ಮತ್ತೆ ಮತ್ತೆ ಬಂದ್ ಬಿತ್ತು. ಅವಳು ಇಳಿದು ಚಾವಿಯನ್ನು ನನ್ನ ಕೈಯಲ್ಲಿಟ್ಟು, "ಭಾನುವಾರ ನೀವ ಹೊಡೀರಿ" ಎಂದಳು. ಅಣ್ಣನ ಹೆಸರು ಎತ್ತಲಿಲ್ಲ. ಬೈದಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆಯೇ ಖಾಜಾಸಾಬರ ಹತ್ತಿರ ಓಡಿದೆ. "ಎಲ್ಲಾರೂ ಇಳಸ್ರಿ ಅಂತಾರ, ನೀವು ಏರಸ್ರಿ ಅಂತೀರಿ" ಎನ್ನುತ್ತ ಅವರು ನಿಂತಲ್ಲಿ ಎಂಜಿನ್ ಓಡುವ ವೇಗ ಏರಿಸುವ ಒಂದು ಸ್ಕ್ರೂ ಒಂಚೂರು ತಿರುವಿದರು. ಬರುವಾಗ ನಿಂಬೆಹಣ್ಣು, ಮೆಣಸಿನಕಾಯಿ ಕೊಂಡು ತಂದು, ಗಿರಿಜಾಳ ಎದುರಿಗೆ, ಓಣಿಯವರೆಲ್ಲ ನೋಡುತ್ತಿದ್ದ ಹಾಗೆಯೇ ಕಾರಿನ ಮುಂದೆ ಕಟ್ಟಿದೆ. "ದಾರ ಬಂತು, ಇನ್ನ ಬಂದ್ ಬೀಳಂಗಿಲ್ಲ, ಭಾನುವಾರ ನೀನ ಹೊಡಿ" ಎಂದೆ. ಸ್ಕ್ರೂ ಸಂಗತಿ ಹೇಳಿದರೆ ಅವಳ ಧೈರ್ಯ ಮತ್ತೆ ಕುಸಿಯುತ್ತಿತ್ತು. ವಿಜ್ಞಾನ ಒಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ನಷ್ಟವೇನಿಲ್ಲ ಅಂದುಕೊಂಡೆ.

ಭಾನುವಾರ ಗಂಗಾವತಿ ದಾಟಿ, ಕಾಲುವೆಯ ಪಕ್ಕದಲ್ಲೇ, ಒಮ್ಮೆಯೂ ಬಂದ್ ಬೀಳಿಸದೆ ಅವಳು ಸಿದ್ದಾಪುರ ಮುಟ್ಟಿಸಿದಳು. ಕಟ್ಟೆಯ ಮೇಲಿದ್ದ ಅಣ್ಣ ಎದ್ದು ದಾರಿ ಬಿಟ್ಟ. ಅವಳ ಮುಖ ನೋಡಿ ನನಗೆ ಹೆಮ್ಮೆಯಾಯಿತು. "ಎಲ್ಲಾ ದಾರದ ಮಹಿಮಾ" ಎಂದೆ ಉದಾರವಾಗಿ. ಗಿರಿಜಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದಳು: "ಗಾಡಿ ಒಂಚೂರು ಏರಿಸಿ ಕೊಡ್ರಿ ಅಂತ ನಾನೂ ಅವತ್ತ ಖಾಜಾಸಾಬ್ರಿಗೆ ಫೋನ್ ಮಾಡಿದ್ದೆ. ಸರ್ ಈಗ ಏರಿಸ್ಕೊಂಡು ಹೋದ್ರು ಅಂದ್ರು. ಆದ್ರ ನೀವು ಓಣಿ ಮುಂದ ನಿಂಬಿಕಾಯಿ ಕಟ್ಟೂದು ಭಾಳ ಛಂದ ಕಾಣತಿತ್ತು, ಅದಕ್ಕ ಸುಮ್ಮನಿದ್ದೆ."

ಅಂದಿನಿಂದ ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟುವ ಕೆಲಸ ವಿಜ್ಞಾನ ಮಾಸ್ತರನದು.