ಬೀಗರ ಗೋಡೆಗೇರಿದ ಅಮೂರ್ತ ಚಿತ್ರ

ನನಗೊಬ್ಬ ಪರಮಶತ್ರು ಇದ್ದಾನೆ. ನನ್ನ ನಾಲಿಗೆ. (ಹೆಂಡತಿ ವನಮಾಲಾ ಓದಿಯಾಳೆಂಬ ಭಯಕ್ಕೆ ಹೀಗೆ ಬರೆದೆ ಎಂದುಕೊಳ್ಳಬೇಡಿ.)

ಸಾಗರದಲ್ಲಿ ನನ್ನದೊಂದು ಟೈಲ್ಸ್ ಅಂಗಡಿ. ನನ್ನ ಜತೆ ಹೈಸ್ಕೂಲು ಓದಿದ ಶಾಂತಿರಾಜ ಬೆಂಗಳೂರಿನಲ್ಲಿ ಚಿತ್ರಗಳ ವ್ಯಾಪಾರಿ. ಅಂಗಡಿಯಿಲ್ಲ, ಬೋರ್ಡಿಲ್ಲ; ಮನೆಯಲ್ಲೇ ಸಂಗ್ರಹ, ಗೊತ್ತಿದ್ದವರಿಗಷ್ಟೇ ಮಾರಾಟ. ಕಳೆದ ತಿಂಗಳು ಗೋವೆಯ ಗಿರಾಕಿಗೆ ತೋರಿಸಲೆಂದು ಒಂದು ಚಿತ್ರ ಒಯ್ಯುತ್ತಿದ್ದವನು, ಹುಂಚದ ಬಸದಿಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಅದನ್ನು ನಮ್ಮನೆಯಲ್ಲಿಟ್ಟ.

"ನೋಡು ಗಿರಿಧರ, ಇದು ಎರಡನೇ ಮಹಾಯುದ್ಧ ಮುಗಿದ್ಮೇಲೆ ಬರೆದದ್ದು. ಅಮೂರ್ತ ಚಿತ್ರ. ನನ್ನ ಪ್ರಾಣ ಇದ್ರಲ್ಲೇ ಇದೆ, ಜೋಪಾನ" ಎಂದ.

ಎರಡೂವರೆ ಅಡಿಗೆ ಎರಡಡಿ. (ಮೊದಲು ಅಳತೆ ಕಾಣುವುದು ಕಸುಬಿನ ದೋಷ.) ಕೆಮ್ಮಣ್ಣು ಬಣ್ಣದ ಮೇಲೆ ಮೂರು ಕಪ್ಪು ಗೀರು, ಮೂಲೆಯಲ್ಲೊಂದು ಹಳದಿ ಮುದ್ದೆ.

"ಯುದ್ಧ ಮುಗಿದ್ಮೇಲಾ? ನಂಗೆ ನೋಡಿದ್ರೆ ಇನ್ನೂ ನಡೀತಾ ಇದ್ದಂಗಿದೆ" ಎಂದಳು ವನಮಾಲಾ.

ಅದನ್ನು ಹಾಲಿನ ಗೋಡೆಗೆ ತೂಗುಹಾಕಿದ ಕ್ಷಣದಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಲ್ಲಿ ಕಂಡರೆ ಎದ್ದೆ, ಕಿಟಕಿಯಲ್ಲಿ ಬಿಸಿಲು ಕಂಡರೆ ಎದ್ದೆ, ಯಾರಾದರೂ ಕಾಫಿ ಲೋಟ ಎತ್ತಿದರೂ ಎದ್ದೆ.

ಮೂರನೇ ದಿನ ತೀರ್ಥಹಳ್ಳಿಯಿಂದ ಮುಕುಂದಯ್ಯ ಬಂದರು. ನಮ್ಮ ಮಗಳು ಮೇಧಾಳನ್ನು ಕೊಡಲು ನಿಶ್ಚಯವಾದ ಮನೆಯ ಯಜಮಾನರು, ಅರ್ಥಾತ್ ಸಾಕ್ಷಾತ್ ಬೀಗರು. ಲಗ್ನಪತ್ರಿಕೆಯ ಮಾತು ಮುಗಿಸಿ ಹೊರಟವರು ಚಿತ್ರದ ಮುಂದೆ ನಿಂತರು.

"ಭಾರಿ ಚಂದ ಇದೆ ಬೀಗರೆ."

ನಮ್ಮ ಕಡೆ ನೆಂಟರು ಹೂವಿನ ಗಿಡವನ್ನೋ ಉಪ್ಪಿನಕಾಯಿಯನ್ನೋ ಹೊಗಳಿದರೆ "ತಗೊಂಡು ಹೋಗಿ" ಎನ್ನಲೇಬೇಕು. ಅವರು "ಬೇಡ" ಎನ್ನಲೇಬೇಕು. ಮೊದಲ ಎರಡು "ಬೇಡ" ಲೆಕ್ಕಕ್ಕಿಲ್ಲ. ಮೂರನೆಯದನ್ನು ಮಾತ್ರ ನಂಬಬೇಕು. ಈ ಸನಾತನ ಉಪಚಾರದಂತೆ ನನ್ನ ನಾಲಿಗೆ ಆಡಿತು:

"ಇಷ್ಟ ಆದ್ರೆ ತಗೊಂಡು ಹೋಗಿ ಬೀಗರೆ!"

"ಆಯ್ತು" ಎಂದರು ಮುಕುಂದಯ್ಯ.

ಮೂವತ್ತು ವರ್ಷ ಸೈನ್ಯದಲ್ಲಿದ್ದವರು. ಅಲ್ಲಿ ಎಲ್ಲವನ್ನೂ ಒಂದೇ ಸಲ ಹೇಳುತ್ತಾರಂತೆ. ಚಿತ್ರ ಅವರ ಕಾರಿನ ಹಿಂದಿನ ಸೀಟಿನಲ್ಲಿ ಒರಗಿಕೊಂಡು ಹೊರಟೇಹೋಯಿತು.

"ಅಲ್ರೀ, ಯಾರದ್ದೋ ಚಿತ್ರಾನ ಯಾರಿಗೋ ಕೊಟ್ಟುಬಿಟ್ರಾ?"

"ಅವರು ಬೇಡ ಅನ್ಬೇಕಿತ್ತಲ್ವೇ!"

"ಈಗ್ಲೇ ಫೋನ್ ಮಾಡಿ, ವಾಪಸ್ ಕೇಳಿ."

"ಬೀಗರಿಗೆ ಕೊಟ್ಟದ್ದನ್ನ ವಾಪಸ್ ಕೇಳೋದಾ? ಮೇಧಾಳ ಗತಿ ಏನಾಗ್ಬೇಕು?"

ಶಾಂತಿರಾಜ ಮರುದಿನ ಸಂಜೆ ಬರುವವನಿದ್ದ. ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ತೀರ್ಥಹಳ್ಳಿಯ ಬಸ್ಸು ಹತ್ತಿದೆ. ನನ್ನೊಬ್ಬನನ್ನೇ ಕಳಿಸಿದರೆ ಮನೆಯನ್ನೂ ಕೊಟ್ಟು ಬಂದೇನೆಂದು ವನಮಾಲಾ ಜತೆಗೇ ಹೊರಟಳು. ಹುಂಚಕ್ಕೆ ಹತ್ತಿರದ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲಿ ಶಾಂತಿರಾಜ ಕಾಣಿಸಿಬಿಡುತ್ತಾನೋ ಎಂದು ಸೀಟಿನ ಕೆಳಗೆ ಚಪ್ಪಲಿ ಹುಡುಕುವವನಂತೆ ಬಗ್ಗಿಯೇ ಇದ್ದೆ.

ಬೀಗರ ಹಾಲಿನಲ್ಲಿ ಚಿತ್ರ ಹೊಸ ಮೊಳೆಗೆ ನೇತಾಡುತ್ತಿತ್ತು. ನಾನು ತುಂಗೆಯ ನೀರಿನ ಬಗ್ಗೆ ಮಾತಾಡಿದೆ, ಅಡುಗೆ ಭಟ್ಟರ ಬಗ್ಗೆ ಮಾತಾಡಿದೆ, ಕೂತೆ, ಎದ್ದೆ, ನಾಲ್ಕು ಲೋಟ ನೀರು ಕುಡಿದೆ. ಕೊನೆಗೆ ಮುಕುಂದಯ್ಯನವರೇ ಕೇಳಿದರು:

"ಬೀಗರೆ, ಬಂದಾಗಿಂದ ನಿಮ್ಮ ಕಣ್ಣೆಲ್ಲ ಆ ಚಿತ್ರದ ಮೇಲೇ ಇದೆ. ಬೇಕಿದ್ರೆ ತಗೊಂಡು ಹೋಗಿ. ನಂಗೇನೂ ಬೇಜಾರಿಲ್ಲ."

ಎಂಥ ದೇವರಂಥ ಮನುಷ್ಯ! ನನಗೆ ಕಣ್ಣು ತುಂಬಿ ಬಂತು. ಬಾಯಿ ತೆರೆದೆ.

"ಛೇ ಛೇ! ಎಂತ ಮಾತು ಮಾರಾಯ್ರೆ! ಬೇಡವೇ ಬೇಡ!"

"ಸರಿ" ಎಂದು ಅವರು ಪೇಪರು ಬಿಡಿಸಿದರು.

ವನಮಾಲಾ ಹಣೆ ಹಣೆ ಚಚ್ಚಿಕೊಂಡಳು. "ದಮ್ಮಯ್ಯ ಬೀಗರೆ, ಇವರನ್ನ ಇನ್ನೊಂದ್ಸಲ ಕೇಳಿ."

ಮುಕುಂದಯ್ಯ ಏನೂ ಅರ್ಥವಾಗದೆ ಕೇಳಿದರು: "ತಗೊಂಡು ಹೋಗ್ತೀರಾ?"

ಹೂಂ ಎನ್ನಬೇಕೆಂದೇ ಇದ್ದೆ, ದೇವರಾಣೆ. "ಅದು ನಿಮ್ಮ ಗೋಡೆಗೇ ಲಕ್ಷಣ" ಎಂದಿತು ನಾಲಿಗೆ.

ವನಮಾಲಾ ಎದ್ದಳು. ನೇರ ಹೋಗಿ ಚಿತ್ರವನ್ನು ಮೊಳೆಯಿಂದ ಇಳಿಸಿದಳು. "ಇದು ನಮ್ದಲ್ಲ ಬೀಗರೆ. ಇವರ ಸ್ನೇಹಿತರು ಇಟ್ಟು ಹೋದದ್ದು, ಇವತ್ತು ಸಂಜೆ ವಾಪಸ್ ಕೊಡ್ಬೇಕು. ಉಪಚಾರಕ್ಕೆ ಅಂದದ್ದು ಬಾಯಿಂದ ಜಾರಿ ಹೋಯ್ತು."

ಮುಕುಂದಯ್ಯ ಮನೆ ಹಾರಿಹೋಗುವಂತೆ ನಕ್ಕರು. "ಇಷ್ಟೇನಾ? ನಿನ್ನೇನೇ ಒಂದು ಮಾತು ಹೇಳಿದ್ರೆ ನಾನೇ ತಂದು ಕೊಡ್ತಿದ್ನಲ್ಲ!" ಎನ್ನುತ್ತಾ ತಾವೇ ಕಂಬಳಿ ತಂದು ಚಿತ್ರಕ್ಕೆ ಸುತ್ತಿಕೊಟ್ಟರು.

ನನಗೆ ನಾಚಿಕೆಯಾಯಿತು. ಜೀವ ಹಗುರವೂ ಆಯಿತು. ಹಗುರವಾದ ಮೇಲೆ, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂಬುದು ಭಯಂಕರವಾಗಿ ನೆನಪಾಯಿತು. ಎಲೆ ಹಾಕಿದರು. ಬೀಗಿತ್ತಿ ಬಿಸಿಬಿಸಿ ಹೋಳಿಗೆಯ ತಟ್ಟೆ ಹಿಡಿದು ನನ್ನ ಮುಂದೆ ಬಗ್ಗಿದರು.

"ಹಾಕ್ಲಾ?"

"ಅಯ್ಯೋ, ಬೇಡ ಬೇಡ!"

ಆಕೆ ಗಂಡನ ಮುಖ ನೋಡಿದರು. "ಬೇಡ ಅಂದ್ರಲ್ಲ, ಮುಂದೆ ಹೋಗು" ಎಂದರು ಮುಕುಂದಯ್ಯ.

ಮುಂದಿನ ಎಲೆ ವನಮಾಲಾಳದು.

"ನಂಗೆ ಮೂರು ಹಾಕಿ" ಎಂದಳು.