ಮಾವನ ಪ್ರತಿಷ್ಠಾನವೂ ಗ್ರಹಣದ ಅವಲಕ್ಕಿಯೂ

ನಮ್ಮ ಸೋದರಮಾವ ಒಬ್ಬ ವ್ಯಕ್ತಿಯಲ್ಲ, ಒಂದು ಸಂಸ್ಥೆ! ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಖಂಡಿತ ಇಲ್ಲ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯಿಂದ ನಿವೃತ್ತರಾದದ್ದೇ ತಡ, ವಿಜ್ಞಾನ, ಶಿಕ್ಷಣ ಮತ್ತು ನಾಗರಿಕ ಸಂವಾದಕ್ಕೆಂದು ಒಂದು ಪ್ರತಿಷ್ಠಾನವನ್ನೇ ನೋಂದಾಯಿಸಿಬಿಟ್ಟರು. ಅಧ್ಯಕ್ಷರು ಮಾವ, ಟ್ರಸ್ಟಿಗಳು ಅತ್ತೆ ಮತ್ತು ನಾನು. ನಮ್ಮಿಬ್ಬರನ್ನು ಯಾರೂ ಕೇಳಲಿಲ್ಲ. ಘೋಡಬಂದರ್ ರಸ್ತೆಯ ಅವರ ಫ್ಲ್ಯಾಟಿನ ಬಾಗಿಲಿಗೆ ಎಂಥ ಬೋರ್ಡು ಬಂತೆಂದರೆ, ಕಾಲಿಂಗ್ ಬೆಲ್ಲೇ ಅದರ ಹಿಂದೆ ಮುಚ್ಚಿಹೋಯಿತು.

ಮೊದಲ ಸಂವಾದದ ವಿಷಯ ನೀರಿನ ಟ್ಯಾಂಕರ್. ಮುಗಿಯುವ ಹೊತ್ತಿಗೆ ಹೌಸಿಂಗ್ ಸೊಸೈಟಿಯ ಎ ವಿಂಗಿನವರೂ ಬಿ ವಿಂಗಿನವರೂ ಮಾತು ಬಿಟ್ಟಿದ್ದರು. "ಬಿಡೋ, ಬಿಡೋಕೆ ಮುಂಚೆ ಮಾತಾದ್ರೂ ಆಡಿದ್ರಲ್ಲ!" ಎಂದರು ಮಾವ.

ಆದರೆ ವರ್ಷಗಟ್ಟಲೆ ಗ್ರಹಣಕ್ಕೆ ಒಬ್ಬರೇ ತಿಂದ ಅವರ ನಿಜವಾದ ಆಸೆ ಒಂದೇ: ಸೂರ್ಯಗ್ರಹಣದ ಹೊತ್ತಿನಲ್ಲಿ ಒಬ್ಬರಾದರೂ ತಮ್ಮ ಜೊತೆ ಕೂತು ತಿನ್ನಬೇಕು. ಇದಕ್ಕೆ ವಿರೋಧಪಕ್ಷ ಮನೆಯಲ್ಲೇ ಇತ್ತು. ಅತ್ತೆ ಹಾಲು, ಮೊಸರು, ಉಪ್ಪಿನಕಾಯಿಗೆಲ್ಲ ದರ್ಭೆ ಹಾಕಿ, ಗ್ರಹಣ ಬಿಡುವ ತನಕ ಗುಟುಕು ನೀರೂ ಮುಟ್ಟದವರು.

"ಫ್ರಿಜ್ಜಿನೊಳಗೂ ದರ್ಭೆ ಬೇಕೇನೇ?"

"ಯಾಕ್ರೀ, ಫ್ರಿಜ್ಜು ಭೂಮಿ ಮೇಲೆ ಇಲ್ವೇ?"

ಅಧ್ಯಕ್ಷರು ಫ್ರಿಜ್ಜಿನ ಬಾಗಿಲು ಮುಚ್ಚಿದರು!

ಆ ಜನವರಿಯಲ್ಲಿ ಗ್ರಹಣ ಬಂತು. ಮಾವ ಟೆರೇಸಿಗೆ ಶಾಮಿಯಾನ ಹಾಕಿಸಿದರು. ಸೂರ್ಯನೇ ಕಾಣಲಿಲ್ಲವೆಂದು ಬಿಚ್ಚಿಸಿದರು. ಮೈಕು ಬಂತು. ಪಾತ್ರೆ ತುಂಬ ಒಗ್ಗರಣೆ ಅವಲಕ್ಕಿ ಬಂತು. ಮಾಡಿದವರು ಅತ್ತೆಯೇ, ಮೇಲೊಂದು ದರ್ಭೆ ಹಾಕಿ! ಸೊಸೈಟಿಯ ಸೆಕ್ರೆಟರಿ ಪ್ರೀತಿಯಿಂದಲೇ ಮರಾಠಿಯಲ್ಲಿ ಸಲಹೆ ಕೊಟ್ಟರು: "ಕಾಕಾ, ಕಾರ್ಯಕ್ರಮ ಮಸ್ತ್ ಆಹೇ, ಪಣ್ ಗ್ರಹಣ ಸುಟಲ್ಯಾವರ್ ಠೇವಾ!" ಗ್ರಹಣ ಬಿಟ್ಟ ಮೇಲೆ ಗ್ರಹಣ ನೋಡುವ ಕಾರ್ಯಕ್ರಮ! ಹೇಗಿದೆ?

ಯಾರೂ ಬರಲಿಲ್ಲ. ನಾನೇನೋ ಹೋಗಿದ್ದೆ; ಆದರೆ ಬಸುರಿ ಹೆಂಡತಿ ಒಂದು ಕಾಳೂ ತಿನ್ನಬಾರದೆಂದು ಆಣೆ ಹಾಕಿಸಿ ಕಳಿಸಿದ್ದಳು. ಮಾವ ಖಾಲಿ ಕುರ್ಚಿಗಳಿಗೆ ಚಂದ್ರನ ನೆರಳನ್ನು ವಿವರಿಸಿದರು. ಬರಬರುತ್ತ ದನಿ ಸಣ್ಣಗಾಯಿತು. ಕೊನೆಗೆ ಮೈಕು ಆರಿಸಿ, ತಟ್ಟೆಗೆ ಅವಲಕ್ಕಿ ಬಡಿಸಿಕೊಂಡು ಒಬ್ಬರೇ ಕೂತರು.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದವರು ಯಾರು? ಅತ್ತೆ! ತಲೆಗೆ ಸೆರಗು ಹೊದ್ದು, ಸೂರ್ಯನಿಗೆ ಬೆನ್ನು ಹಾಕಿ, ಮಾವನ ಪಕ್ಕ ಕೂತರು.

"ಎಷ್ಟು ವರ್ಷಾಂತ ಒಬ್ರೇ ತಿಂತೀರಿ? ಕೊಡಿ ಇಲ್ಲಿ."

ಚಮಚ ಹಿಡಿದ ಕೈ ಬಾಯಿಯ ಹತ್ತಿರ ಬಂದು ನಿಂತುಬಿಟ್ಟಿತು. ತುಟಿಯಲ್ಲಿ ಏನೋ ಸ್ತೋತ್ರ.

ಮಾವ ಇಷ್ಟು ವರ್ಷ ಹುಡುಕಿದ ಆ ಒಬ್ಬರು ಕೊನೆಗೂ ಸಿಕ್ಕಿದ್ದರು. ಮಾವ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. "ಹೆದರ್ಕೊಂಡು ತಿನ್ಬೇಡ ಕಣೇ" ಎಂದು ಚಮಚ ತೆಗೆದಿಟ್ಟರು. ತಮ್ಮ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದರು.

ಗ್ರಹಣ ಬಿಡುವವರೆಗೂ ಇಬ್ಬರೂ ಹಸಿದುಕೊಂಡೇ, ಕೈ ಬಿಡದೆ ಕೂತಿದ್ದರು.