ಪಾದರಸ, ಉಂಗುರ ಮತ್ತು ಅವ್ವನ ದವಡೆಹಲ್ಲು

ಈ ನಾಡಿನ ದಂತವೈದ್ಯರ ಮೇಲೆ ನನ್ನದೊಂದು ನೇರ ಆರೋಪವಿದೆ. ನೀವು ನಮ್ಮ ಬಾಯಿಯೊಳಗೆ ಪಾದರಸ ಇಡುತ್ತೀರಿ. ಇಡುವ ಮುನ್ನ ಕೇಳುವುದಿಲ್ಲ, ಇಟ್ಟ ಮೇಲೆ ಹೇಳುವುದಿಲ್ಲ. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ನನ್ನ ಹಲ್ಲಿನ ತೂತನ್ನೂ ಹೀಗೆಯೇ ಮುಚ್ಚಿದರು. "ಬೆಳ್ಳಿ ತುಂಬೇನ್ರಿ" ಎಂದರು. ಬಾಯಲ್ಲಿ ಬೆಳ್ಳಿಯಿದೆಯೆಂಬ ಗರ್ವದಲ್ಲಿ ನಾನು ವರ್ಷಗಟ್ಟಲೆ ಅಗತ್ಯಕ್ಕಿಂತ ಅಗಲವಾಗಿ ನಕ್ಕಿದ್ದೇನೆ. ಆ ಬೆಳ್ಳಿಯಲ್ಲಿ ಸುಮಾರು ಅರ್ಧ ಪಾದರಸವೆಂದು ತಿಳಿದದ್ದು ಶಿಗ್ಗಾಂವದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಲು ಸೇರಿದ ಮೇಲೆ, ವಾಚನಾಲಯದ ಒಂದು ಇಂಗ್ಲಿಷ್ ಪತ್ರಿಕೆಯಿಂದ. ಅಗಿದಾಗಲೆಲ್ಲ ಅದರಿಂದ ಆವಿ ಏಳುತ್ತದೆ, ಅಪಾಯ ಎಂದು ಒಂದು ಪಕ್ಷ. ಏಳುವುದು ಲೆಕ್ಕಕ್ಕೆ ಬಾರದಷ್ಟು ಎಂದು ಇನ್ನೊಂದು. ಎರಡೂ ಪಕ್ಷದವರು ಮಹಾ ವಿದ್ವಾಂಸರು. ಅಂದು ಊಟಕ್ಕೆ ಕುಳಿತವಳು ಖಡಕ್ ರೊಟ್ಟಿಯ ಚೂರನ್ನು ಬಾಯಲ್ಲಿಟ್ಟುಕೊಂಡು ಅಗಿಯದೆ ಸುಮ್ಮನಿದ್ದೆ. "ಯಾಕವಾ, ಚಟ್ನ್ಯಾಗ ಉಪ್ಪ ಜಾಸ್ತಿ ಆಗೇತೇನ?" ಎಂದು ಅವ್ವ ಕೇಳಿದಳು. ರೊಟ್ಟಿ ತಿನ್ನುವುದೊಂದು ವೈಜ್ಞಾನಿಕ ವಿವಾದವಾಗಿದೆಯೆಂದು ಅವಳಿಗೆ ಹೇಗೆ ಹೇಳಲಿ?

ಇಷ್ಟಕ್ಕೇ ಮುಗಿದಿದ್ದರೆ ನಾನು ಒಂದೇ ಮಗ್ಗುಲಲ್ಲಿ ಅಗಿಯುತ್ತ ಬದುಕಿಬಿಡುತ್ತಿದ್ದೆ. ಆದರೆ ಅವ್ವನ ಬಲದವಡೆ ನೋಯತೊಡಗಿತು. ಎಡಗಡೆಯ ದವಡೆಹಲ್ಲುಗಳು ಮೊದಲೇ ಉದುರಿದ್ದವು. ರೊಟ್ಟಿ ಮುರಿಯಲು ಆಕೆಗೆ ಉಳಿದ ಆಸರೆ ಆ ಬಲಗಡೆಯ ಹಲ್ಲೊಂದೇ. ಬಸ್ ಸ್ಟ್ಯಾಂಡಿನ ಹತ್ತಿರದ ದಂತವೈದ್ಯರು ಕನ್ನಡಿ ಹಿಡಿದು ನೋಡಿ, "ತೂತು ಇನ್ನೂ ಸಣ್ಣದೈತ್ರಿ, ಇವತ್ತ ತುಂಬಿಸಿದ್ರ ಹಲ್ಲ ಉಳಿತೈತಿ" ಎಂದರು. ಕೊರೆದು ಚೊಕ್ಕ ಮಾಡಿದರು. ಗಾಜಿನ ಪುಟ್ಟ ಒರಳಿನಲ್ಲಿ ಬೆಳ್ಳಿಯ ಪುಡಿಗೆ ಪಾದರಸ ಸುರಿದು ಅರೆದು, ಅರೆದದ್ದನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ ಹಿಂಡಿದರು. ಹೆಚ್ಚಾದ ಪಾದರಸ ಮಣಿಮಣಿಯಾಗಿ ಮೇಜಿನ ಮೇಲೆ ಓಡಿತು. ಬೀಳುವ ವಸ್ತು ಯಾರದೇ ಇರಲಿ, ಅದನ್ನು ಹಿಡಿಯುವುದು ಅವ್ವನ ಸ್ವಭಾವ. ಅಂಚಿಗೆ ಬಂದ ಮಣಿಗೆ ಕೈಯೊಡ್ಡಿದಳು.

"ಮುಟ್ಟಬ್ಯಾಡ್ರಿ ಅವ್ವಾರ, ವಿಷ ಅದು!" ಎಂದು ವೈದ್ಯರು ಕೂಗುವಷ್ಟರಲ್ಲಿ ಆಕೆಯ ಬಂಗಾರದ ಉಂಗುರ ಒಂದು ಮಗ್ಗುಲಿಗೆ ಬೆಳ್ಳಗಾಗಿತ್ತು.

ಅವ್ವ ಉಂಗುರವನ್ನು ನೋಡಿದಳು, ವೈದ್ಯರನ್ನು ನೋಡಿದಳು. "ಮುಟ್ಟಿದ್ರ ವಿಷ, ಬಾಯಾಗಿಟ್ರ ಔಷಧ ಏನ್ರಿ?"

"ಪುಡಿ ಜೋಡಿ ಕೂಡಿ ಗಟ್ಟಿ ಆದಮ್ಯಾಲ ಅದು ಏನೂ ಮಾಡಂಗಿಲ್ರಿ. ನನ್ನ ಬಾಯಾಗೂ ಐತಿ, ನೋಡ್ರಿ ಬೇಕಾದ್ರ" ಎಂದು ಅವರು ಬಾಯಿ ತೆರೆದರು. ರೋಗಿ ಬಾಯಿ ಬಿಗಿದು ಕುಳಿತು, ವೈದ್ಯರು ಬಾಯಿ ತೆರೆದು ನಿಂತು, ರಾಜ್ಯಶಾಸ್ತ್ರದ ಅಧ್ಯಾಪಕಿ ಒಳಗೆ ಇಣುಕಿದ ಚಿಕಿತ್ಸೆಯನ್ನು ಶಿಗ್ಗಾಂವ ಅದಕ್ಕೂ ಮುಂಚೆ ಕಂಡಿರಲಾರದು.

"ಏನೂ ಆಗೂದಿಲ್ಲಂತ ಬರದು ಕೊಡ್ತೀರೇನ್ರಿ?" ಎಂದೆ.

"ಹಲ್ಲ ತುಂಬೂದು ನನ್ನ ಕೆಲಸರಿ ಮೇಡಂ. ಬರಿಯೂದು ನಿಮ್ಮದು."

ಉತ್ತರದಾಯಿತ್ವದ ಬಗ್ಗೆ ಅಂದು ಬೆಳಗ್ಗೆಯಷ್ಟೇ ಪಾಠ ಮಾಡಿದ್ದ ನಾನು ಅವ್ವನನ್ನು ಕುರ್ಚಿಯಿಂದ ಎಬ್ಬಿಸಿದೆ. ಕೊರೆದ ಹಲ್ಲಿಗೆ ಲವಂಗದೆಣ್ಣೆಯ ಹತ್ತಿ ಒತ್ತಿ, "ತಡ ಮಾಡಬ್ಯಾಡ್ರಿ" ಎಂದು ವೈದ್ಯರು ಕಳಿಸಿದರು.

ಅಲ್ಲಿಂದ ನೇರ ಉಂಗುರ ತೋರಿಸಲು ಅಕ್ಕಸಾಲಿಗ ಪತ್ತಾರನ ಅಂಗಡಿಗೆ ಹೋದೆವು. ಉಂಗುರವನ್ನು ಇಕ್ಕಳದಲ್ಲಿ ಹಿಡಿದು ಆತ, "ಕಾಸಿದ್ರ ಪಾದರಸ ಹೊಗಿಯಾಗಿ ಹೋಗತೈತ್ರಿ. ನೀವು ಹೊರಗ ನಿಂದರ್ರಿ, ಆ ಹೊಗಿ ಚಲೋ ಅಲ್ಲ" ಎಂದ. ಹೊರಗೆ ನಿಂತ ನನಗೆ ದಿನಕ್ಕೆ ಹಲವು ಸಲ ಕುಡಿಯುವ ಬಿಸಿ ಚಹಾದ ನೆನಪಾಯಿತು. ಅಂದಿನಿಂದ ಆರಿದ ಚಹಾ ಕುಡಿಯುತ್ತಿದ್ದೇನೆ.

ನಂತರ ನಾನು ಸತ್ಯಶೋಧನೆಗೆ ಹೊರಟೆ. ಸವಣೂರಿನ ವೈದ್ಯರು, ಅವ್ವನಿಗೆ ತುಂಬಿಸಲೇಬೇಡಿ, ನಿಮ್ಮದನ್ನೂ ತೆಗೆಸಿಬಿಡಿ ಎಂದರು. ಹಾನಗಲ್ಲಿನವರು, ತೆಗೆಸಲು ಕೊರೆದಾಗಲೇ ಆವಿ ಹೆಚ್ಚು, ಮುಟ್ಟಲೇಬೇಡಿ ಎಂದರು. ಹಿರೇಕೆರೂರಿನ ಸೋದರಮಾವ ಮಾತ್ರ ನಿಶ್ಚಿಂತ. "ಪಾದರಸ ಅಂದ್ರ ಶಿವನ ಅಂಶ. ಅದರಾಗ ಲಿಂಗಾ ಮಾಡತಾರ. ಬಾಯಾಗ ಶಿವಾ ಕುಂತಾನಂದ್ರ ಯಾಕ ಹೆದರ್ತಿ?" ಎಂದ. ಆತನ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಬೆಂಗಳೂರಿನ ಆರೋಗ್ಯ ಅಧಿಕಾರಿಗಳಿಗೆ ಪತ್ರ ಬರೆದೆ; ಉತ್ತರವಿಲ್ಲ. ಮತ್ತೆ ಬರೆದೆ, ಅದಕ್ಕೂ ಇಲ್ಲ. ಅವ್ವ ದವಡೆಯಲ್ಲಿ ಲವಂಗ ಕಚ್ಚಿಕೊಂಡು, ಪೋಸ್ಟ್‌ಮನ್ ಮನೆ ದಾಟಿದಾಗಲೆಲ್ಲ, "ಉತ್ತರಾ ಬಂತೇನವಾ?" ಎನ್ನುತ್ತಿದ್ದಳು. "ಬರ್ತೈತಿ ತಡಿ ಅವ್ವಾ, ತತ್ತ್ವದ ಪ್ರಶ್ನೆ ಐತಿ" ಎನ್ನುತ್ತಿದ್ದೆ. ತತ್ತ್ವ ನನ್ನದಾಗಿತ್ತು, ಹಲ್ಲು ಆಕೆಯದಾಗಿತ್ತು.

ಒಂದು ಬೆಳಗ್ಗೆ ಅವ್ವನ ಗಲ್ಲ ಊದಿಕೊಂಡಿತ್ತು. ಮತ್ತೆ ಅದೇ ಕುರ್ಚಿ, ಅದೇ ವೈದ್ಯರು. "ಬೇರಿಗೆ ಇಳಿದೈತ್ರಿ, ಇನ್ನ ತುಂಬಾಕ ಬರಂಗಿಲ್ಲ" ಎಂದರು. "ನಾ ಅವತ್ತ ಹೇಳಿದ್ದಿಲ್ಲೇನ್ರಿ?" ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಇಕ್ಕಳ ಕೈಗೆತ್ತಿಕೊಂಡು ಬಹಳ ವಿನಯದಿಂದ ಕೇಳಿದರು: "ಕೀಳಬೋದಲ್ರಿ ಮೇಡಂ? ಇದರಾಗೇನೂ ವಿವಾದ ಇಲ್ಲ."

ಈಗ ನಮ್ಮ ಮನೆಯಲ್ಲಿ ರೊಟ್ಟಿ ಮುರಿಯುವ ಸದ್ದು ನನ್ನ ತಟ್ಟೆಯಿಂದಷ್ಟೇ ಬರುತ್ತದೆ. ಅವ್ವ ತನ್ನ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಕಾಯುತ್ತಾಳೆ. ಪತ್ತಾರ ಕಾಸಿ ಕೊಟ್ಟ ಉಂಗುರ ಮೊದಲಿನಂತೆ ಹೊಳೆಯುತ್ತಿದೆ. ಮೊನ್ನೆ ಅದನ್ನೇ ತಿರುಗಿಸುತ್ತ ಕುಳಿತವಳು ಸಿಟ್ಟಿಲ್ಲದ ದನಿಯಲ್ಲಿ ಅಂದಳು: "ನೀ ಉತ್ತರಾ ಕೇಳಿದಿ, ನಾ ಹಲ್ಲ ಕೊಟ್ಟೆ."

ಆದಕಾರಣ ಸಂಬಂಧಪಟ್ಟ ಸರ್ವರಲ್ಲಿ ನನ್ನ ವಿನಂತಿ ಇಷ್ಟು. ಪಾದರಸ ನಿರಪಾಯಕಾರಿಯಾದರೆ ಹಾಗೆಂದು ಸಹಿ ಮಾಡಿ ತಿಳಿಸತಕ್ಕದ್ದು. ಅಲ್ಲವಾದರೆ ಅದರ ಬದಲು ಬಡವರ ಹಲ್ಲಿಗೆ ಏನನ್ನು ತುಂಬುವಿರೆಂದು ಹೇಳತಕ್ಕದ್ದು. ನಿಮಗೂ ಗೊತ್ತಿಲ್ಲವಾದರೆ, ಗೊತ್ತಿಲ್ಲವೆಂಬುದನ್ನೇ ರೋಗಿಯ ಕುರ್ಚಿಯ ಎದುರಿನ ಗೋಡೆಗೆ ದೊಡ್ಡ ಅಕ್ಷರಗಳಲ್ಲಿ ಬರೆಸಿ, ತುಂಬಿಸಿಕೊಳ್ಳುವ ತೀರ್ಮಾನವನ್ನು ಹಲ್ಲಿನ ಒಡೆಯರಿಗೇ ಬಿಡತಕ್ಕದ್ದು. ಕ್ರಮ ತ್ವರಿತವಾಗಿ ಆಗಲಿ. ಏಕೆಂದರೆ ನಮ್ಮ ಮನೆಯಲ್ಲೂ ಒಂದು ಅಹವಾಲು ಇತ್ಯರ್ಥವಾಗದೆ ಉಳಿದಿದೆ: ರೊಟ್ಟಿ ನೆನೆಯುವವರೆಗೆ ಅವ್ವ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ತುಂಬಿಸಬೇಕೋ ಬೇಡವೋ ಎಂದು ಹಲ್ಲಿನ ಒಡತಿಯಾದ ಆಕೆಯನ್ನು ನಾನೂ ಅಂದು ಕೇಳಿರಲಿಲ್ಲ. ಆ ಅಹವಾಲಿಗೆ ಉತ್ತರ ಕೊಡಬೇಕಾದ ಅಧಿಕಾರಿ ನಾನೇ; ಇದುವರೆಗೆ ಕೊಟ್ಟಿಲ್ಲ.